ಸಿನಿಮಾ ಮುಗಿದ ಮೇಲೆ ಹೇಳಿದ ಕಥೆ

ಕಲ್ಯಾಣಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೆಟ್ರಿಕ್ ಪರೀಕ್ಷೆಗೆ ಮೂರು ಸಲ ಕೂತು, ಮೂರು ಸಲವೂ ಇಂಗ್ಲಿಷಿನಲ್ಲೇ ನಪಾಸಾದವನು ಅವನು. ಹಾಗಿದ್ದೂ ೧೯೮೭ರ ಶ್ರಾವಣದ ಒಂದು ರವಿವಾರ ಮಧ್ಯಾಹ್ನ, ಅರವತ್ತೆರಡು ಹುಡುಗರನ್ನು ಎದುರಿಗೆ ಕೂಡಿಸಿಕೊಂಡು, ಒಂದು ಇಂಗ್ಲಿಷ್ ಸಿನಿಮಾಕ್ಕೆ ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಅರ್ಥ ಹೇಳಿದ. ಸಿನಿಮಾ ಮುಗಿದ ಮೇಲೂ ಹೇಳುತ್ತಲೇ ಹೋದ. ಹಾಗೆ ಹೇಳಿದ್ದರಿಂದಲೇ ಒಂದು ಮಗುವಿಗೆ ಅನ್ಯಾಯವಾಯಿತೆಂದು ನಂಬಿ ಮುಂದೆ ಹದಿನೇಳು ವರ್ಷ ಒಳಗೊಳಗೇ ಕೊರಗಿದ.

ಆಗ ಅವನು ಕಲಬುರಗಿಯಲ್ಲಿ, ದಾರಿ ತಪ್ಪಿದ ಹುಡುಗರನ್ನು ಇಟ್ಟುಕೊಳ್ಳುವ ಒಂದು ಮನೆಯಲ್ಲಿ ಕಾವಲುಗಾರನಾಗಿದ್ದ. ಟ್ರಸ್ಟಿನವರು ನಡೆಸುತ್ತಿದ್ದ ಆ ಮನೆಗೆ ಬೋರ್ಡಿನ ಮೇಲೆ ಉದ್ದನೆಯ ಹೆಸರಿತ್ತು. ಊರಿನವರು ಮಾತ್ರ ಹುಡುಗರ ಜೇಲು ಎನ್ನುತ್ತಿದ್ದರು. ನಿಜಾಮರ ಕಾಲದಲ್ಲಿ ಹತ್ತಿ ತುಂಬಿಡುತ್ತಿದ್ದ ಗೋದಾಮು ಅದು. ಕಿಟಕಿಗಳು ಎಷ್ಟು ಮೇಲಿದ್ದವೆಂದರೆ ಒಳಗಿದ್ದವರಿಗೆ ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ರೈಲಿನಲ್ಲಿ ಜೇಬು ಕತ್ತರಿಸಿದವರು, ಮನೆ ಬಿಟ್ಟು ಓಡಿಬಂದವರು, ಚಪ್ಪಲಿ ಎಗರಿಸಿದವರು, ಏನೂ ಮಾಡದೆ ಸಿಕ್ಕಿಬಿದ್ದವರು ಎಲ್ಲರೂ ಅಲ್ಲಿದ್ದರು. ಹಾಜರಿ ಕೂಗುವುದು, ಬೀಗ ಹಾಕುವುದು, ಬೀಗ ತೆಗೆಯುವುದು ಕಲ್ಯಾಣಪ್ಪನ ಕೆಲಸ. ಅವನೇನು ಸಾಧುಪುರುಷನಲ್ಲ. ಸಿಟ್ಟು ನೆತ್ತಿಗೇರಿದಾಗ ಒಂದೆರಡು ಏಟು ಹಾಕಿದ್ದೂ ಉಂಟು, ಆಮೇಲೆ ಆ ಹುಡುಗನ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿಸಿದ್ದೂ ಉಂಟು.

ಅವನ ನಿಜವಾದ ಹೆಚ್ಚುಗಾರಿಕೆ ಬೇರೆಯೇ ಇತ್ತು. ಶ್ರಾವಣ ಬಂತೆಂದರೆ ಅದೇ ಊರಿನ ಬ್ರಹ್ಮಪುರ ಓಣಿಯ ಗುಡಿಯಲ್ಲಿ ತಿಂಗಳುಗಟ್ಟಲೆ ಸಂಜೆ ಪುರಾಣ ನಡೆಯುತ್ತಿತ್ತು. ಒಬ್ಬರು ಪದ್ಯ ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಕಲ್ಯಾಣಪ್ಪ ಅರ್ಥ ಹೇಳುವವನು. ಹುಟ್ಟಿದೂರು ಕಮಲಾಪುರದಲ್ಲಿ ಚಿಕ್ಕವನಾಗಿದ್ದಾಗಲೇ ದೊಡ್ಡವ್ವ ಶಿವಕಾಂತಮ್ಮ ಅವನಿಗೆ ಈ ಹುಚ್ಚು ಹಿಡಿಸಿದ್ದಳು. ಓದುವವರು ನಾಲ್ಕು ಸಾಲು ಓದಿದರೆ ಇವನು ಅರ್ಧ ತಾಸು ತೆಗೆದುಕೊಳ್ಳುತ್ತಿದ್ದ. ಪದ್ಯದಲ್ಲಿ ಇಲ್ಲದ ಮಳೆಯನ್ನು ಸುರಿಸುತ್ತಿದ್ದ, ಇಲ್ಲದ ದನಕರುಗಳನ್ನು ಮನೆಗೆ ಹೊಡೆದು ತರುತ್ತಿದ್ದ. ಓದುವ ಮುದುಕರು ಹುಬ್ಬು ಗಂಟಿಕ್ಕಿದರೂ ಕೇಳುವವರು ಬಿಡುತ್ತಿರಲಿಲ್ಲ. ಆ ಪುರಾಣಕ್ಕೊಂದು ಕಟ್ಟಳೆಯಿತ್ತು. ಸಾವಿನ ಜಾಗದಲ್ಲಿ, ಅಗಲಿಕೆಯ ಜಾಗದಲ್ಲಿ ಪುಸ್ತಕ ಕಟ್ಟುವಂತಿಲ್ಲ. ಅಂದಿನ ಓದು ಅಂಥಲ್ಲಿಗೆ ಬಂದು ನಿಂತರೆ ಮುಂದಿನ ಸಂಧಿಯಿಂದ ಎರಡು ಶುಭದ ಪದ್ಯ ಓದಿ, ಅರ್ಥ ಹೇಳಿ, ಆಮೇಲೆಯೇ ಮಂಗಳಾರತಿ. ಕೇಳಿದವರು ಅಶುಭ ಹೊತ್ತುಕೊಂಡು ಮನೆಗೆ ಹೋಗಬಾರದು. ಈ ಕಟ್ಟಳೆಯನ್ನು ಕಲ್ಯಾಣಪ್ಪ ಒಂದು ದಿನವೂ ಮುರಿದವನಲ್ಲ.

ಆ ವರ್ಷ ಜಗತ್ ಸರ್ಕಲಿನ ಬಟ್ಟೆ ವ್ಯಾಪಾರಿಯೊಬ್ಬರು ಹುಡುಗರ ಮನೆಗೆ ಕಲರ್ ಟಿವಿಯೊಂದನ್ನು ದಾನ ಮಾಡಿದರು. ಸೂಪರಿಂಟೆಂಡೆಂಟ್ ಅಣವೀರಪ್ಪನವರು ಹಿಗ್ಗಿ ಹೀರೇಕಾಯಿಯಾದರು. ಹುಡುಗರು ಸುಧಾರಿಸುವಂಥ ಒಂದು ಸಿನಿಮಾ ಬೇಕೆಂದು, ಜಗತ್ ಸರ್ಕಲಿನ ಬಳಿ ವಿಡಿಯೊ ಕ್ಯಾಸೆಟ್ ಬಾಡಿಗೆ ಕೊಡುತ್ತಿದ್ದ ಅಲ್ಲಾವುದ್ದೀನನಿಗೆ ಹೇಳಿಕಳಿಸಿದರು. ಅವನು ಅಂಗಡಿಯ ಕಪಾಟೆಲ್ಲ ತಡಕಾಡಿ, ಒಂದು ಡಬ್ಬಿಯ ಮೇಲೆ ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗರು ಸಾಲಾಗಿ ನಿಂತ ಚಿತ್ರ ಕಂಡು, ಇದು ವಿಲಾಯತಿಯ ಯಾವುದೋ ದೊಡ್ಡ ಶಾಲೆಯ ಕಥೆಯೇ ಇರಬೇಕೆಂದು ತೀರ್ಮಾನಿಸಿದ. ದುಬೈಯಿಂದ ಯಾರೋ ತಂದು ಕೊಟ್ಟಿದ್ದ ಕ್ಯಾಸೆಟ್ ಅದು. ಅವನೂ ನೋಡಿರಲಿಲ್ಲ, ಗಿರಾಕಿಗಳೂ ಒಯ್ದಿರಲಿಲ್ಲ. ವಿಸಿಆರ್ ಸಮೇತ ಆಟೊದಲ್ಲಿ ತಂದು, ವಾಯರು ಸಿಕ್ಕಿಸಿ, ಸಿನಿಮಾ ಶುರು ಮಾಡಿಕೊಟ್ಟು, ಸಂಜೆ ಬಂದು ಒಯ್ಯುತ್ತೇನೆಂದು ಹೊರಟುಹೋದ.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಮೂಡಿದಾಗ ಅಣವೀರಪ್ಪನವರು ಒಂದು ಕ್ಷಣ ಪೇಚಿಗೆ ಬಿದ್ದರು. ಆಮೇಲೆ ಕಲ್ಯಾಣಪ್ಪನ ಕಡೆ ತಿರುಗಿ, ಗುಡಿಯಲ್ಲಿ ಹೇಳುವಂತೆ ಇದಕ್ಕೂ ಅರ್ಥ ಹೇಳಿಬಿಡು ಎಂದರು. ತನಗೆ ಆ ಭಾಷೆ ಬರುವುದಿಲ್ಲವೆಂದು ಇವನು ಗೋಗರೆದರೆ, ಬರುವವರು ಇಲ್ಲಿ ಯಾರಿದ್ದಾರೆ, ನೋಡಿ ನೋಡಿ ಹೇಳು ಎಂದು ಊಟಕ್ಕೆ ಮನೆಗೆ ನಡೆದರು. ಶ್ರಾವಣದ ರವಿವಾರದ ಊಟವೆಂದರೆ ಮುಂದೆ ನಿದ್ದೆಯೂ ಇರುತ್ತದೆ.

ಹೀಗೆ ಶುರುವಾಯಿತು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಕಿಟಕಿ ಮುಚ್ಚಿದ ಗೋದಾಮಿನ ಮಬ್ಬು. ಪರದೆಯ ಮೇಲೆ ಬೆಳ್ಳಗಿನದೇನೋ ಸದ್ದಿಲ್ಲದೆ ಬೀಳುತ್ತಿತ್ತು. ಹುಡುಗರು ಹತ್ತಿಯೋ ಬೂದಿಯೋ ಎಂದು ಕೇಳಿದರು. ಕಲ್ಯಾಣಪ್ಪನೂ ಹಿಮವನ್ನು ಕಂಡವನಲ್ಲ. ಅದು ಆ ದೇಶದ ಮಳೆ, ಚಳಿಗೆ ಹೆಪ್ಪುಗಟ್ಟಿ ಹಿಂಜಿದ ಅರಳೆಯಂತೆ ಇಳಿಯುತ್ತದೆ, ಮೈಮೇಲೆ ಬಿದ್ದರೂ ನೆನೆಯುವುದಿಲ್ಲ ಎಂದ. ಹುಡುಗರು ಬಾಯಿ ತೆರೆದು ನೋಡಿದರು. ಆ ಬಿಳುಪಿನ ನಡುವೆ ಒಂದು ಇಟ್ಟಿಗೆಯ ಕಟ್ಟಡ ಕಂಡಿತು. ಅದರ ಕಿಟಕಿಗಳೂ ಎತ್ತರದಲ್ಲೇ ಇದ್ದವು.

ಹತ್ತು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಯಿತು, ಅದು ಶಾಲೆಯಲ್ಲ. ಅಲ್ಲಿಯೂ ಹುಡುಗರು ಸಾಲಾಗಿ ನಿಲ್ಲುತ್ತಿದ್ದರು, ಹಾಜರಿ ಕೂಗಿಸಿಕೊಳ್ಳುತ್ತಿದ್ದರು, ನೆಲ ಒರೆಸುತ್ತಿದ್ದರು. ಅಲ್ಲಿಯ ಕಾವಲುಗಾರರ ಸೊಂಟದಲ್ಲೂ ಬೀಗದ ಕೈಗಳ ಗೊಂಚಲಿತ್ತು. ಒಬ್ಬ ಕಾವಲುಗಾರ ಒಬ್ಬ ಹುಡುಗನನ್ನು ಗೋಡೆಗೆ ಒತ್ತಿ ಹೊಡೆದಾಗ, ಮುಂದಿನ ಸಾಲಿನವರು ತಿರುಗಿ ಕಲ್ಯಾಣಪ್ಪನ ಮುಖ ನೋಡಲಿಲ್ಲ, ಸೊಂಟ ನೋಡಿದರು. ಅವನಿಗೆ ಸಿನಿಮಾ ನಿಲ್ಲಿಸಿಬಿಡಬೇಕು ಅನ್ನಿಸಿತು. ಆದರೆ ಆ ಮಿಷನ್ನಿಗೆ ಯಾವ ಗುಂಡಿ ಒತ್ತಬೇಕೆಂದು ಗೊತ್ತಿರಲಿಲ್ಲ. ದಾನ ಬಂದ ವಸ್ತು ಕೆಟ್ಟರೆ ಅಣವೀರಪ್ಪನವರು ಸುಮ್ಮನಿರುವವರಲ್ಲ. ಹಾಗಾಗಿ ಹೇಳುತ್ತ ಹೋದ.

ಆ ಸಿನಿಮಾದಲ್ಲಿ ಅಗಲ ಕಿವಿಯ ಒಬ್ಬ ಬಡಕಲು ಹುಡುಗನಿದ್ದ. ಉಳಿದವರು ಅವನ ಉಣ್ಣೆಯ ಅಂಗಿ ಕಸಿದುಕೊಂಡರು. ಅವನಿಂದ ಕಲ್ಲಿದ್ದಲು ಹೊರಿಸಿದರು. ಮನೆಯಿಂದ ಬಂದ ಕಾಗದವನ್ನು ಅವನೆದುರೇ ಹರಿದರು. ಒಂದು ನಸುಕಿನಲ್ಲಿ ಅವನು ಬರಿಗಾಲಲ್ಲಿ ಹೊರಗೆ ನಡೆದ. ಕಣ್ಣು ಹರಿಯುವ ತನಕ ಬಿಳಿಯ ಹೊಲಗಳು, ಅವುಗಳ ಮೇಲೆ ಚಿಕ್ಕ ಹೆಜ್ಜೆಗಳ ಒಂದು ಸಾಲು. ಬೆಳಗಾದ ಮೇಲೆ ಇಬ್ಬರು ಗಂಡಸರು ಅವನನ್ನು ಹಲಗೆಯ ಮೇಲೆ ಮಲಗಿಸಿಕೊಂಡು ತಂದರು. ಮುಖ ತೆರೆದೇ ಇತ್ತು, ರೆಪ್ಪೆಗಳ ಮೇಲೆ ಹಿಮ ಕೂತಿತ್ತು. ಆಮೇಲೆ ಗಂಟೆ, ಸಾಲು, ಹಾಜರಿ. ಒಂದು ಹೆಸರು ಕೂಗಿದರು. ಯಾರೂ ಓ ಎನ್ನಲಿಲ್ಲ. ಮತ್ತೆ ಕೂಗಿದರು. ಪರದೆ ಕಪ್ಪಾಯಿತು, ಅಕ್ಷರಗಳು ಹರಿದವು, ಆಮೇಲೆ ಎಳ್ಳು ಚೆಲ್ಲಿದಂತೆ ಬರೀ ಚುಕ್ಕೆಗಳು ಕುದಿಯತೊಡಗಿದವು.

ಕಲ್ಯಾಣಪ್ಪ ಮುಂದಿನ ಸಾಲಿನತ್ತ ನೋಡಿದ. ಅಲ್ಲಿ ಅಮೋಘಪ್ಪ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಹನ್ನೊಂದು ವರ್ಷದ ಹುಡುಗ. ಆರು ತಿಂಗಳ ಹಿಂದೆ ವಾಡಿ ಜಂಕ್ಷನ್ನಿನಲ್ಲಿ ರೈಲು ಬೋಗಿಯೊಳಗೆ ಮಲಗಿದ್ದವನನ್ನು ಹಿಡಿದು ತಂದಿದ್ದರು. ಹೆಸರು ಬಿಟ್ಟು ಊರು, ಕೇರಿ, ತಾಯಿ, ತಂದೆ ಏನನ್ನೂ ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಅವನು ಆ ಚುಕ್ಕೆಗಳನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಇಂಥಲ್ಲಿ ಪುಸ್ತಕ ಕಟ್ಟುವುದು ಹೇಗೆ? ಕಲ್ಯಾಣಪ್ಪನ ಬಾಯಿ ತಾನಾಗಿಯೇ ತೆರೆಯಿತು.

“ಆದರ ಆ ಹುಡುಗ ಸತ್ತಿದ್ದಿಲ್ಲ,” ಎಂದ.

ಆ ಕುದಿಯುವ ಚುಕ್ಕೆಗಳನ್ನೇ ಪರದೆ ಮಾಡಿಕೊಂಡು ಅವನು ಮುಕ್ಕಾಲು ತಾಸು ಹೇಳಿದ. ಹಲಗೆಯ ಮೇಲಿದ್ದವನು ಬೇರೆ ಯಾರೋ, ಅವನಂತೆಯೇ ಕಾಣುವವನು. ಈ ಹುಡುಗ ನಡೆಯುತ್ತ ನಡೆಯುತ್ತ ಹಿಮದ ಹೊಲಗಳನ್ನೆಲ್ಲ ದಾಟಿದ. ಕಾಲಿಗೆ ಚಳಿ ಹತ್ತಲಿಲ್ಲ, ಏಕೆಂದರೆ ಅಷ್ಟು ದೂರ ನಡೆದವರ ಕಾಲು ತಾನಾಗಿ ಬೆಚ್ಚಗಾಗುತ್ತದೆ. ದೂರದಲ್ಲಿ ಒಂದು ದೀಪ ಕಂಡಿತು. ಕಥೆಗೆ ಈಗ ಒಂದು ಊರು ಬೇಕಾಯಿತು. ವಿಲಾಯತಿಯ ಊರುಗಳ ಹೆಸರು ಕಲ್ಯಾಣಪ್ಪನಿಗೆಲ್ಲಿ ಗೊತ್ತು? ತನ್ನ ಊರೆಂದು ಹುಡುಗರಿಗೂ ಗೊತ್ತಿದ್ದ ಕಮಲಾಪುರವನ್ನೇ ಅವನು ಅಲ್ಲಿ ಇಟ್ಟ. ಹುಮನಾಬಾದ್ ರಸ್ತೆ ಹಿಡಿದು ಊರು ದಾಟಿದರೆ ಜೋಡಿ ಹುಣಸೆ ಮರ, ಅವುಗಳ ಬಲಕ್ಕೆ ಕೆಂಪು ಬಾಳೆಯ ತೋಟ, ತೋಟದ ನಡುವೆ ಮಣ್ಣಿನ ಮಾಳಿಗೆಯ ಮನೆ. ಬಾಳೆಯ ಎಲೆಗಳ ಮೇಲೆ ಹಿಮ ಇಳಿಯುತ್ತಿತ್ತು, ಕೆಂಪು ಗೊನೆಗಳ ಮೇಲೂ ಇಳಿಯುತ್ತಿತ್ತು. ಹುಡುಗ ಬಾಗಿಲು ಬಡಿದ. ಶಿವಕಾಂತಮ್ಮ ಎಂಬ ಮುದುಕಿ ಬಾಗಿಲು ತೆರೆದಳು. ಯಾರು, ಯಾವ ಜಾತಿ, ಏನು ಕದ್ದು ಬಂದೆ ಎಂದು ಒಂದನ್ನೂ ಕೇಳಲಿಲ್ಲ. ಒಲೆಯ ಮುಂದೆ ಕೂಡಿಸಿ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಆಮೇಲೆ ಒಂದು ಬಾಳೆಹಣ್ಣು. ಹುಡುಗ ಅಲ್ಲೇ ಒರಗಿ ನಿದ್ದೆ ಹೋದ. ಬೆಳಗ್ಗೆ ಅವನನ್ನು ಯಾರೂ ಎಬ್ಬಿಸಲಿಲ್ಲ, ಹಾಜರಿಯೂ ಕೂಗಲಿಲ್ಲ.

ಕಥೆ ಮುಗಿದಾಗ ಅಮೋಘಪ್ಪ ಆರು ತಿಂಗಳಲ್ಲಿ ಮೊದಲ ಸಲ ತಾನಾಗಿ ಒಂದು ಮಾತು ಕೇಳಿದ.

“ಆ ಆಯಿ ಈಗೂ ಅಲ್ಲೇ ಇರ್ತಾಳೇನ್ರೀ ಕಾಕಾ?”

“ಇರ್ತಾಳ,” ಎಂದ ಕಲ್ಯಾಣಪ್ಪ.

ಶಿವಕಾಂತಮ್ಮ ಸತ್ತು ಮೂರು ವರ್ಷವಾಗಿತ್ತು. ತೋಟ ಇವನ ಹೆಸರಿಗೆ ಬಂದಿತ್ತು, ಅದನ್ನು ಪಕ್ಕದ ಹೊಲದ ದುಂಡಮ್ಮನಿಗೆ ಪಾಲಿಗೆ ಕೊಟ್ಟಿದ್ದ. ಮನೆಗೆ ಬೀಗ ಹಾಕಿತ್ತು. ಅದರ ಕೀಲಿಕೈ ಬ್ರಹ್ಮಪುರದ ಇವನ ಬಾಡಿಗೆ ಮನೆಯ ಮೊಳೆಗೆ ತೂಗುತ್ತಿತ್ತು.

ಬುಧವಾರ ಬೆಳಗ್ಗೆ ಹುಡುಗರನ್ನು ಸ್ನಾನಕ್ಕೆಂದು ಹಿಂದಿನ ಬಾವಿಗೆ ಕರೆದೊಯ್ದಿದ್ದರು. ತಿರುಗಿ ಬಂದು ಎಣಿಸಿದಾಗ ಒಬ್ಬ ಕಡಿಮೆ. ಅಮೋಘಪ್ಪನ ಹೆಸರು ಕೂಗಿದರೆ ಯಾರೂ ಓ ಎನ್ನಲಿಲ್ಲ. ಅವನು ಎಲ್ಲಿಗೆ ಹೋಗಿರಬಹುದೆಂದು ಕಲ್ಯಾಣಪ್ಪನಿಗೆ ಆ ಕ್ಷಣವೇ ಹೊಳೆಯಿತು. ಆಗಿನ್ನೂ ಹತ್ತು ಗಂಟೆ. ತಾನು ಕಮಲಾಪುರದ ಬಸ್ಸು ಹತ್ತಿದ್ದರೆ ಊಟದ ಹೊತ್ತಿಗೆ ಅಲ್ಲಿರುತ್ತಿದ್ದ. ಆದರೆ ಬಾಯಿ ಬಿಟ್ಟರೆ, ನಿನಗೆ ಹೇಗೆ ಗೊತ್ತು, ದಾರಿ ತೋರಿಸಿದವನು ನೀನೇ ಏನು ಎಂದು ಅಣವೀರಪ್ಪನವರು ಕೇಳುತ್ತಾರೆ. ಇಬ್ಬರು ಹೆಣ್ಣುಮಕ್ಕಳ ತಂದೆ ಅವನು, ನೌಕರಿ ಹೋದರೆ ಗತಿಯೇನು? ಎಲ್ಲರ ಜೊತೆ ಸೇರಿಕೊಂಡು ರೈಲು ನಿಲ್ದಾಣ ಹುಡುಕಿದ, ಬಸ್ ನಿಲ್ದಾಣ ಹುಡುಕಿದ. ಇಲ್ಲವೆಂದು ಗೊತ್ತಿದ್ದ ಜಾಗಗಳಲ್ಲೆಲ್ಲ ಬಗ್ಗಿ ಬಗ್ಗಿ ನೋಡಿದ.

ಗುರುವಾರ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಹೋದ. ದುಂಡಮ್ಮ ಬಾಳೆಯ ಬುಡಕ್ಕೆ ಮಣ್ಣು ಏರಿಸುತ್ತಿದ್ದಳು. ನಿನ್ನೆ ಮಧ್ಯಾಹ್ನ ಯಾವುದೋ ಕೂಸು ಲಾರಿ ಇಳಿದು ಬಂದು ಶಿವಕಾಂತಮ್ಮನ ಬಾಗಿಲು ಬಡಿಯಿತೆಂದು ಹೇಳಿದಳು. ಆಯಿ ತೀರಿಕೊಂಡು ಮೂರು ವರ್ಷವಾಯಿತು ಮಗಾ ಎಂದು ಇವಳೇ ತಿಳಿಸಿದಳಂತೆ. ಹುಡುಗ ಹೂಂ ಎಂದು ಸುಮ್ಮನೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತ. ಇವಳು ಎರಡು ಹಣ್ಣು ಕೊಟ್ಟಳು, ತಿಂದ. ತನ್ನ ಮನೆಗೆ ಕರೆದರೆ ಬರಲಿಲ್ಲ. ಹೊತ್ತು ಮುಳುಗುವ ತನಕ ಅಲ್ಲಿಂದ ಅಲುಗಲಿಲ್ಲ. ಮಬ್ಬುಗತ್ತಲಾದ ಮೇಲೆ ಎದ್ದು ರಸ್ತೆಯ ಕಡೆ ನಡೆದ. ಯಾವ ಕಡೆ ಹೋದನೋ ಇವಳು ಕಾಣಲಿಲ್ಲ.

ಕಲ್ಯಾಣಪ್ಪ ಆ ಕಟ್ಟೆಯ ಮೇಲೆ ಕುಸಿದು ಕೂತು, ಗಂಡಸು ಎಂಬುದನ್ನು ಮರೆತು ಅತ್ತ. ಬಾಗಿಲೇ ಇಲ್ಲದ ಕಡೆ ಬಾಗಿಲು ತೋರಿಸಿದೆನಲ್ಲ, ಮಗು ನನ್ನ ಮಾತು ನಂಬಿ ಬಂತಲ್ಲ ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ದಾಖಲೆಯಲ್ಲಿ ಪರಾರಿ ಎಂದು ಬರೆದು ಕಡತ ಮುಚ್ಚಿದರು. ಇವನು ಬೀದರ್, ಹುಮನಾಬಾದ್, ಸೊಲ್ಲಾಪುರ ಎಂದು ರಜೆ ಹಾಕಿ ಹಾಕಿ ಅಲೆದ. ಆ ಶ್ರಾವಣದ ಅರ್ಧದಲ್ಲೇ ಪುರಾಣ ಬಿಟ್ಟ. ಗುಡಿಯವರು ಮನೆಗೆ ಬಂದು ಕೈಮುಗಿದರೂ ಜಗ್ಗಲಿಲ್ಲ, ಗಂಟಲು ಕೆಟ್ಟಿದೆ ಎಂದ. ಆ ಗಂಟಲು ಮುಂದೆ ಸರಿಹೋಗಲೇ ಇಲ್ಲ.

ಆಗಿನಿಂದ ಅವನಿಗೆ ಒಂದು ಕನಸು ಬೀಳತೊಡಗಿತು. ಕಮಲಾಪುರದಲ್ಲಿ ಹಿಮ ಬೀಳುತ್ತಿದೆ. ಸಂತೆಯ ಮಾಳದ ಮೇಲೆ, ಬಸ್ಸಿನ ತಗಡಿನ ಮೇಲೆ, ತೊಗರಿಯ ಹೂವಿನ ಮೇಲೆ ಸದ್ದಿಲ್ಲದೆ ಬೀಳುತ್ತಿದೆ. ಯಾರಿಗೂ ಅದು ಆಶ್ಚರ್ಯವಲ್ಲ, ಹೆಂಗಸರು ಅದನ್ನೇ ಕೊಡದಲ್ಲಿ ತುಂಬಿಕೊಳ್ಳುತ್ತಿದ್ದಾರೆ. ರಸ್ತೆಯ ಮೇಲೆ ಪುಟ್ಟ ಹೆಜ್ಜೆಗಳು. ಅವನು ಹೆಜ್ಜೆಗಳ ಬೆನ್ನು ಹತ್ತಿ ಹೋದರೆ ಅವು ಬಾಗಿಲ ತನಕ ಬರುತ್ತವೆ, ಬಾಗಿಲಿಂದ ಮುಂದೆ ಇಲ್ಲ. ಬೀಗ ಹಾಗೇ ಇದೆ. ಎಚ್ಚರವಾದಾಗ ಬೇಸಿಗೆಯ ಧಗೆಯಲ್ಲೂ ಪಾದಗಳು ಮರಗಟ್ಟಿರುತ್ತಿದ್ದವು. ಹೆಂಡತಿ ಜಯದೇವಿ ಎದ್ದು ಅಂಗಾಲು ತಿಕ್ಕುತ್ತಿದ್ದಳು.

ಒಂದು ದಿನ ಅವಳೆದುರು ಎಲ್ಲ ಹೇಳಿಕೊಂಡ. ಆ ಹುಡುಗ ಇಂದಲ್ಲ ನಾಳೆ ಮತ್ತೆ ಆ ಬಾಗಿಲಿಗೆ ಬರಬಹುದು, ಬಂದರೆ ತೆರೆಯಲು ಒಂದು ಜೀವವಿರಬೇಕು, ಕಮಲಾಪುರಕ್ಕೆ ಹೋಗಿ ಇರೋಣ ಎಂದ. ಜಯದೇವಿ ಮೊದಲು ಕೆಂಡವಾದಳು.

“ಯಾರೋ ಬಿಳೇ ಮಂದಿ ತೆಗೆದ ಸಿನಿಮಾಕ್ಕ ನಾ ಬ್ರಹ್ಮಪುರದ ನಳದ ನೀರು ಬಿಟ್ಟು ಚೇಳಿನ ಮನ್ಯಾಗ ಇರಬೇಕೇನ್ರೀ?”

ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅವನ ತಣ್ಣನೆಯ ಪಾದಗಳನ್ನು ತಿಕ್ಕಿ ತಿಕ್ಕಿ ಅವಳಿಗೂ ಸಾಕಾಗಿತ್ತು.

ಹೆಣ್ಣುಮಕ್ಕಳನ್ನು ಕಮಲಾಪುರದ ಶಾಲೆಗೆ ಹಾಕಿದರು. ಕಲ್ಯಾಣಪ್ಪ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಹೋಗಿಬರತೊಡಗಿದ. ಊರಿನವರು, ಎಲ್ಲರೂ ಹಳ್ಳಿ ಬಿಟ್ಟು ಶಹರಕ್ಕೆ ಹೋದರೆ ಇವನೊಬ್ಬ ಉಲ್ಟಾ ಹೊರಟಿದ್ದಾನೆಂದು ಆಡಿಕೊಂಡರು. ತೋಟದ ಮನೆಗೆ ಸುಣ್ಣ ಬಳಿದರು. ಹಗಲು ಬಾಗಿಲಿಗೆ ಬೀಗವಿಲ್ಲ, ರಾತ್ರಿ ಅಗುಳಿಯಷ್ಟೇ. ಬೆಳಗಿನಿಂದ ಸಂಜೆಯ ತನಕ ಬೀಗ ಹಾಕುವವನ ಮನೆಯಲ್ಲಿ ಒಂದೂ ಬೀಗವಿರಲಿಲ್ಲ.

ಅಮೋಘಪ್ಪ ಬರಲಿಲ್ಲ. ಆದರೆ ಎರಡು ವರ್ಷದ ಮೇಲೆ ಬೇರೊಬ್ಬ ಬಂದ. ಬಂದೇನವಾಜ್ ಎಂಬ ಹದಿನೆಂಟರ ಹುಡುಗ. ಕಲಬುರಗಿಯ ಆ ಮನೆಯಿಂದ ಬಿಡುಗಡೆಯಾಗಿ, ಹೋಗಲು ಜಾಗವಿಲ್ಲದೆ, ಹುಣಸೆ ಮರ ಹುಡುಕಿಕೊಂಡು ಬಂದಿದ್ದ. ಸಿನಿಮಾ ತೋರಿಸಿದ ದಿನ ಅವನಿನ್ನೂ ಆ ಮನೆಗೆ ಸೇರಿರಲಿಲ್ಲ. ಹಿರಿಯ ಹುಡುಗರು ಕಿರಿಯರಿಗೆ ಮಲಗುವಾಗ ಹೇಳುತ್ತಿದ್ದ ಕಥೆಯನ್ನಷ್ಟೇ ಕೇಳಿದ್ದ. ಕ್ಯಾಸೆಟ್ಟು ಅಲ್ಲಾವುದ್ದೀನನ ಅಂಗಡಿಯಲ್ಲಿ ಬೂಷ್ಟು ಹಿಡಿದು ಹೋಗಿತ್ತು, ಕಥೆ ಮಾತ್ರ ಬಾಯಿಂದ ಬಾಯಿಗೆ ನಡೆದಿತ್ತು. ಶಿವಕಾಂತಮ್ಮ ಆಯಿ ಮನೆ ಇದೇ ಏನು ಎಂದು ಅವನು ಬಾಗಿಲಲ್ಲಿ ನಿಂತು ಕೇಳಿದಾಗ ಕಲ್ಯಾಣಪ್ಪ ಕೆಲಸಕ್ಕೆ ಹೋಗಿದ್ದ. ಜಯದೇವಿಗೆ ಆಗ ಮೂವತ್ತೊಂದು ವರ್ಷ. ಮುದುಕಿಯಾಗಲು ಇನ್ನೂ ಬಹಳ ದಿನವಿತ್ತು. ಅವಳು ಕೈಯ ಹಿಟ್ಟು ಒರೆಸಿಕೊಂಡು, “ನಾನೇ ಶಿವಕಾಂತಮ್ಮ. ಒಳಗ ಬಾ,” ಎಂದಳಂತೆ.

ಅಲ್ಲಿಂದ ಮುಂದೆ ವರ್ಷಕ್ಕೆ ಇಬ್ಬರೋ ಮೂವರೋ ಬರುತ್ತಲೇ ಇದ್ದರು. ಬಿಡುಗಡೆಯಾಗಿ ಬಂದವರು ಒಂದು ತಿಂಗಳಿದ್ದು, ಬಾಳೆಯ ತೋಟದಲ್ಲಿ ಕೆಲಸ ಕಲಿತು, ಎಲ್ಲೋ ನೆಲೆ ಹಿಡಿದು ಹೋಗುತ್ತಿದ್ದರು. ಓಡಿ ಬಂದವರೂ ಇದ್ದರು. ಅಂಥವರಿಗೆ ಊಟ ಹಾಕಿ, ನಿದ್ದೆ ಮಾಡಿಸಿ, ಮರುದಿನ ಕಲ್ಯಾಣಪ್ಪನೇ ಬಸ್ಸಿನಲ್ಲಿ ಕೂಡಿಸಿಕೊಂಡು ತಿರುಗಿ ಬಿಡುತ್ತಿದ್ದ, ಹೊಡೆಯಬಾರದೆಂದು ಒಳಗೆ ಹೇಳಿ ಬರುತ್ತಿದ್ದ. ತಾನು ಹೊಡೆಯುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಅಣವೀರಪ್ಪನವರು ನಿವೃತ್ತರಾದರು, ಹೊಸಬರು ಬಂದರು. ಇವನ ಹೆಣ್ಣುಮಕ್ಕಳು ಮದುವೆಯಾಗಿ ಹೋದರು. ಜಯದೇವಿಯನ್ನು ಈಗ ಊರಿನವರೂ ಶಿವಕಾಂತಮ್ಮ ಎನ್ನುತ್ತಿದ್ದರು. ಪ್ರತಿ ಹುಡುಗ ಬಂದಾಗಲೂ ಕಲ್ಯಾಣಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದ, ಅಮೋಘಪ್ಪ ಎಂಬವನನ್ನು ಎಲ್ಲಾದರೂ ಕಂಡಿದ್ದೀಯೇನು ಎಂದು. ಎಲ್ಲರೂ ತಲೆಯಲ್ಲಾಡಿಸುತ್ತಿದ್ದರು. ಎಷ್ಟು ಜನ ಉಂಡು ಹೋದರೂ ಆ ಕಟ್ಟೆಯ ಮೇಲಿನ ಒಂದು ಜಾಗ ಖಾಲಿಯೇ ಉಳಿದಿತ್ತು. ಸಿಕ್ಕರೆ ಹೇಳಬೇಕಾದ ಮಾತನ್ನು ಅವನು ಕಟ್ಟಿಟ್ಟುಕೊಂಡಿದ್ದ. ನಾನು ನಿನಗೆ ಸುಳ್ಳು ಹೇಳಿದೆ ತಮ್ಮಾ, ಆ ಹುಡುಗ ಸತ್ತಿದ್ದ, ಈ ಮನೆಯಲ್ಲಿ ಯಾರೂ ಇರಲಿಲ್ಲ, ನನ್ನನ್ನು ಕ್ಷಮಿಸು. ಬಸ್ಸಿನ ಕಿಟಕಿಗೆ ಒರಗಿ ದಿನಾ ಇದನ್ನೇ ಬಾಯಿಪಾಠ ಮಾಡುತ್ತಿದ್ದ.

ಎರಡು ಸಾವಿರದ ನಾಲ್ಕನೆಯ ಇಸವಿಯ ದೀಪಾವಳಿ ಕಳೆದ ಮೇಲಿನ ರವಿವಾರ. ಕಲ್ಯಾಣಪ್ಪ ತೋಟದಲ್ಲಿ ಬಾಳೆಯ ಬುಡದ ಹೆಚ್ಚಿನ ಕಂದುಗಳನ್ನು ಕುರುಪಿಯಿಂದ ಅಗೆದು ಕೀಳುತ್ತಿದ್ದ. ಬಿಸಿಲು ಎಳೆಯದಾಗಿತ್ತು, ಎಲೆಗಳ ನಡುವೆ ಅದು ಹಸಿರಾಗಿ ಇಳಿಯುತ್ತಿತ್ತು. ದುಂಡಮ್ಮನ ಹೊಲದ ಕಡೆಯಿಂದ ಯಾರೋ ಬರುತ್ತಿರುವುದು ಕಂಡಿತು. ಇಪ್ಪತ್ತೆಂಟು ಮೂವತ್ತರ ಗಟ್ಟಿ ಆಳು, ಇಸ್ತ್ರಿಯ ಅಂಗಿ, ಕೈಯಲ್ಲಿ ಒಂದು ಚೀಲ. ಬಂದವನು ಬಾಗಿಲು ಬಡಿಯಲಿಲ್ಲ. ಕಟ್ಟೆಯ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದ. ಜಯದೇವಿ ಹೊರಗೆ ಬಂದು, ಎಲ್ಲರಿಗೂ ಹೇಳುವಂತೆ ಒಳಗೆ ಬಾ ಎಂದಳು. ಅವನು ನಕ್ಕು, ತಾನು ಅಮೋಘಪ್ಪ ಎಂದ.

ಕಲ್ಯಾಣಪ್ಪನ ಕೈಯ ಕುರುಪಿ ಬಿತ್ತು. ಮಣ್ಣುಗೈಯಲ್ಲೇ ಕಟ್ಟೆಯ ಹತ್ತಿರ ಬಂದ. ಬೀದರಿನಲ್ಲಿ ಮನೆಗಳ ನೆಲಕ್ಕೆ ಫರ್ಶಿ ಕಲ್ಲು ಕೂಡಿಸುವ ಕೆಲಸವೆಂದು, ಹೆಂಡತಿ, ಒಂದು ಗಂಡುಮಗು ಇರುವರೆಂದು, ಆ ರಾತ್ರಿ ಲಾರಿ ಹತ್ತಿಸಿಕೊಂಡ ಫರ್ಶಿಯ ಮೇಸ್ತ್ರಿಯೊಬ್ಬ ತನ್ನನ್ನು ಸಾಕಿದನೆಂದು ಅವನು ಜಯದೇವಿಗೆ ಹೇಳುತ್ತಿದ್ದ. ಮೊನ್ನೆ ಒಂದು ಮನೆಯ ಕೆಲಸದಲ್ಲಿ ಬಂದೇನವಾಜ್ ಜೊತೆಯಾದನಂತೆ. ಕಮಲಾಪುರದ ಬಾಗಿಲು ಈಗ ತೆರೆದೇ ಇರುತ್ತದೆಂದು ಹೇಳಿದವನು ಅವನೇ. ಕಲ್ಯಾಣಪ್ಪ ಇದಾವುದನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟ. ಸುಳ್ಳು, ಸತ್ತ ಹುಡುಗ, ಬೀಗದ ಮನೆ, ಕ್ಷಮೆ, ಎಲ್ಲವನ್ನೂ.

ಅಮೋಘಪ್ಪ ಕಟ್ಟೆಯ ಮೇಲೆ ಕೂತು ಚೀಲ ಪಕ್ಕಕ್ಕಿಟ್ಟ.

“ಅಲ್ರೀ ಕಾಕಾ, ನಾವು ಅರವತ್ತೆರಡು ಮಂದಿ ಇದ್ವಿ. ಎಲ್ಲಾರಿಗೂ ಕಣ್ಣಿದ್ವು. ಅಂವ ಸತ್ತಿದ್ದು ನೋಡಿದ್ವಿ ನಾವು. ನೀವು ಹೇಳಾಕತ್ತಿದ್ದು ಸುಳ್ಳಂತ ಎಲ್ಲಾರಿಗೂ ಗೊತ್ತಿತ್ತು.”

ಕಲ್ಯಾಣಪ್ಪ, ಗೊತ್ತಿದ್ದ ಮೇಲೆ ಇಲ್ಲಿಗೆ ಯಾಕೆ ಬಂದೆ ಎಂದು ಕೇಳಿದ.

“ಸಣ್ಣಂವ ಇದ್ದಾಗಿಂದ ನನಗ ಸುಳ್ಳು ಹೇಳಿದವರು ಭಾಳ ಮಂದಿ ರೀ. ಎಲ್ಲಾರೂ ತಮ್ಮ ಸಲುವಾಗಿ ಹೇಳಿದ್ರು. ನಮ್ಮ ಸಲುವಾಗಿ ಅಷ್ಟೊತ್ತು ಕುಂತು ಸುಳ್ಳು ಹೇಳಿದವರು ನೀವೊಬ್ಬರೇ. ಅಂಥಾ ಮನಶ್ಯಾನ ಊರು ಹೆಂಗಿರ್ತದ ನೋಡಮು ಅಂತ ಬಂದೆ.”

ಜಯದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಕಲ್ಯಾಣಪ್ಪನಿಗೆ ಹದಿನೇಳು ವರ್ಷದ ಭಾರ ಒಮ್ಮೆಲೇ ಇಳಿದಂತಾಯಿತು. ಅಮೋಘಪ್ಪನ ಪಕ್ಕ ಕೂತ. ಹಾಗಾದರೆ ಮಗು ಮೋಸ ಹೋಗಿರಲಿಲ್ಲ. ಆ ಹಗುರದಲ್ಲೇ, ಸುಮ್ಮನೆ ಮಾತಿಗೆಂದು, ಒಂದು ಪ್ರಶ್ನೆ ಕೇಳಿದ.

“ದುಂಡಮ್ಮ ಹೇಳಿದ ಮ್ಯಾಲೂ ಹೊತ್ತು ಮುಣುಗೋ ತನಕ ಇಲ್ಲೇ ಯಾಕ ಕುಂತಿದ್ದಿ?”

ಅಮೋಘಪ್ಪ ಅಂಗಳದತ್ತ ನೋಡುತ್ತಿದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ಮಾತೊಂದನ್ನು ನೆನಪಿಸಿಕೊಂಡಂತೆ ಹೇಳಿದ.

“ನೀವು ಬರ್ತೀರಿ ಅಂತ ಕುಂತಿದ್ದೆ ರೀ. ನಾ ಇಲ್ಲಿಗೇ ಬಂದೀನಂತ ನಿಮಗೊಬ್ಬರಿಗೇ ಗೊತ್ತಿತ್ತಲ್ಲ.”

ಕಲ್ಯಾಣಪ್ಪನಿಗೆ ಆ ಬುಧವಾರ ತಾನು ರೈಲು ನಿಲ್ದಾಣದ ಬೆಂಚುಗಳ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದುದು ಕಣ್ಣಿಗೆ ಕಟ್ಟಿತು. ಈ ಬಗ್ಗೆ ಒಂದು ಮಾತನ್ನೂ ಅವನು ಇಷ್ಟು ವರ್ಷ ಬಾಯಿಪಾಠ ಮಾಡಿರಲಿಲ್ಲ.

“ಗೊತ್ತಿತ್ತು,” ಎಂದ. “ನೌಕರಿ ಹೋಗ್ತದಂತ ಅಂಜಿ ಬರಲಿಲ್ಲ, ತಮ್ಮಾ.”

ಅಮೋಘಪ್ಪ ತಲೆಯಾಡಿಸಿದ. ಪರವಾಗಿಲ್ಲ ಎನ್ನಲಿಲ್ಲ. ನೀವು ಮರುದಿನ ಬಂದಿದ್ದಿರೆಂದು ದಾರಿಯಲ್ಲಿ ದುಂಡಮ್ಮ ಈಗ ಹೇಳಿದಳು ಎಂದಷ್ಟೇ ಅಂದ. ಒಳಗಿನಿಂದ ಜಯದೇವಿ ಊಟಕ್ಕೆ ಕರೆದಳು. ಅಮೋಘಪ್ಪ ಎದ್ದು ತೋಳು ಮಡಿಸಿ ಬಚ್ಚಲ ಕಲ್ಲಿನ ಮೇಲೆ ನಿಂತ. ಕಲ್ಯಾಣಪ್ಪ ತಂಬಿಗೆ ಎತ್ತಿಕೊಂಡು ಅವನ ಕೈಗೆ ನೀರು ಹಾಕಿದ.